ಮಾವನ ಮಟ್ಟದ ಪೆಟ್ಟಿಗೆ

ಫೆಬ್ರವರಿಯ ಕೊನೆ, ತಮಿಳು ಲೆಕ್ಕದ ಮಾಸಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಕೊಯ್ಲು ಮುಗಿದಿದೆ, ಇವತ್ತು ಗದ್ದೆಯಲ್ಲಿ ಕೆಲಸವಿಲ್ಲ. ಮಾವನ ಬಗ್ಗೆ ಬರೆಯಲು ಕೂತಿದ್ದೇನೆ.

ಅವರ ಮುಂದಿನ ಮೇಲ್ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಅಕ್ಕಿಕಾಳಿನಷ್ಟು ಅಗಲ, ಅರದಿಂದ ಉಜ್ಜಿದ ಹಾಗೆ ನುಣುಪು. ಕೆಲಸಕ್ಕೆ ಸೇರಿದ ದಿನದಿಂದ ವಯರಿನ ಪ್ಲಾಸ್ಟಿಕ್ಕನ್ನು ಅದೇ ಹಲ್ಲಿನಿಂದ ಸುಲಿದು ಸುಲಿದು ಆದ ಗುರುತು. ವಯರು ಸುಲಿಯುವ ಕತ್ತರಿ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. “ಕತ್ತರಿ ತೆಗೆಯೋ ಹೊತ್ಗೆ ಕೆಲ್ಸ ಮುಗ್ದಿರ್ತದೆ ಪಾಪಾ” ಎಂದು ನಗುವರು. ನಕ್ಕಾಗ ಆ ಕಚ್ಚು ಕಾಣುತ್ತಿತ್ತು.

ಅವರು ನನ್ನ ಅಮ್ಮನ ದೊಡ್ಡಣ್ಣ. ತಂಗಿಯ ಮಗಳಾದ ನನ್ನನ್ನು ‘ಪಾಪಾ’ ಎಂದೇ ಕರೆಯುವರು. ವೇದಸಂದೂರಿನ ಒಂದು ನೂಲಿನ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ನಿವೃತ್ತಿಯಾದ ಮೇಲೆ ತಮಿಳುನಾಡಿನ ತೇನಿ ಕಡೆಯ ನಮ್ಮೂರು ಮಾರ್ಕಯನ್‌ಕೋಟ್ಟೈಗೆ ಮರಳಿ ಬಂದರು. ನಮ್ಮ ಮನೆ ಅವರ ಮನೆಯ ಹಿಂದಿನ ಬೀದಿ. ನಾನು ಆಗಷ್ಟೇ ದಿಂಡಿಗಲ್ಲಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೆ.

ಮಿಲ್ಲಿನ ಸದ್ದು ಅವರ ಕಿವಿಯನ್ನು ಅರ್ಧ ತಿಂದಿತ್ತು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಮೋಟಾರು, ಪಂಪು, ಮಿಕ್ಸಿ ಯಾವುದು ಕೆಟ್ಟರೂ ಕಿವಿ ಕೊಡದೆ ಅಂಗೈ ಇಟ್ಟು ನೋಡುವರು. ಮನೆಯಿಂದ ಹೊರಡುವಾಗ ಅಂಗಿಯ ತೋಳು ಕೊಡವಿಕೊಳ್ಳುವರು. ಅಲ್ಲಿ ಹತ್ತಿಯ ಧೂಳು ಕೂರುವುದು ನಿಂತು ಎಷ್ಟೋ ಕಾಲವಾಗಿತ್ತು. ಬೆಳಗಿನ ಹೊತ್ತಿಗೆ ಅವರ ಬಾಯಲ್ಲಿ ಕೊನೆಯವರೆಗೂ ‘ಮೊದ್ಲ ಶಿಫ್ಟು’ ಎಂದೇ ಹೆಸರು. ವಿನಯ ಅನ್ನುವುದು ಅವರಲ್ಲಿ ಇರಲಿಲ್ಲ.

“ನಾನು ಕೈ ಇಟ್ಟು ಸರಿಯಾಗ್ದೆ ಇರೋ ಮಿಷನ್ ಒಂದೂ ಇಲ್ಲೆ” ಎಂದು ಅವರು ಹೇಳಿದರೆ ಅತ್ತೆ ಒಲೆಯ ಮುಂದಿನಿಂದಲೇ ಉತ್ತರ ಕೊಡುವರು: “ಒಂದದೆ. ನಿಮ್ಮ ಬಾಯಿ.”

ಆ ಬಾಯಿಯಿಂದಲೇ ಕೆಲಸ ಕೆಟ್ಟದ್ದು. ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಊರಲ್ಲೇ ಉಳಿದು ಗದ್ದೆ ಮಾಡಿದವರು. ಅಜ್ಜನ ಗದ್ದೆ ಪಾಲಾದಾಗ ನಮ್ಮವರ ಪದ್ಧತಿಯಂತೆ ಕಾಲುವೆಯ ಕಡೆಯ ಮೇಲಿನ ಪಾಲು ಅಣ್ಣನಿಗೆ ಬಂತು, ಕೆಳಗಿನದು ತಮ್ಮನಿಗೆ. ಮೇಲಿನ ಪಾಲಿಗೆ ಒಂದು ಕಟ್ಟುಪಾಡು ಉಂಟು. ನೀರು ಮೊದಲು ಅಣ್ಣನ ಗದ್ದೆಗೆ ಬರುತ್ತದೆ, ಆದರೆ ಅದನ್ನು ತಮ್ಮನ ಗದ್ದೆಗೆ ದಾಟಿಸುವ ಭಾರವೂ ಅಣ್ಣನದೇ. ತಮ್ಮ ಬಂದು ಕೇಳುವಂತಾಗಬಾರದು. ಅದಕ್ಕಾಗಿ ನಡುವಿನ ಬದುವಿನಲ್ಲಿ ಒಂದು ಮಡೆ, ಅಂದರೆ ನೀರು ದಾಟುವ ಕಂಡಿ, ಇತ್ತು. ಮಾವ ಮಿಲ್ಲಿನಲ್ಲಿದ್ದಷ್ಟು ಕಾಲ ಎರಡೂ ಪಾಲನ್ನು ಚಿಕ್ಕಮಾವನೇ ಉತ್ತರು, ಗೊಬ್ಬರ ಹೊತ್ತರು, ಅಣ್ಣನ ಪಾಲಿನ ಬತ್ತವನ್ನು ವರ್ಷವರ್ಷವೂ ವೇದಸಂದೂರಿಗೆ ತಾವೇ ಕೊಂಡೊಯ್ದು ಇಳಿಸಿದರು.

ನಿವೃತ್ತಿಯಾದ ವರ್ಷ ಪಳನಿಯಲ್ಲಿ ನೆಂಟರ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಮಾವ ತಮ್ಮನಿಗೆ, “ಬರೋ ವೈಕಾಸಿ ತಿಂಗ್ಳ ನಾಟಿಯಿಂದ ನನ್ನ ಗದ್ದೆ ನಾನೇ ಮಾಡ್ಕೋತೀನಿ ಡಾ” ಎಂದರು. ಮೆಲ್ಲಗೇ ಹೇಳಿದೆ ಅಂತ ಅವರು ತಿಳಿದಿದ್ದರು. ಪಂಕ್ತಿಯೆಲ್ಲ ತಿರುಗಿ ನೋಡಿತು. ಚಿಕ್ಕಮಾವ ಪಾಯಸ ಬಡಿಸುವ ಮೊದಲೇ ಎಲೆ ಮಡಚಿ ಎದ್ದರು. ಅಲ್ಲಿಂದ ಮುಂದೆ ಇಬ್ಬರಿಗೂ ಮಾತಿಲ್ಲ.

ಮಾವನ ಗದ್ದೆ ಮೊದಲ ವರ್ಷವೇ ಅವರ ಮಾನ ಕಳೆಯಿತು. ಕಾಲುವೆಯ ಕಡೆ ನೆಲ ದಿಬ್ಬವಾಗಿತ್ತು. ಅಲ್ಲಿ ಸಸಿ ಒಣಗಿತು, ಕಳೆ ಬೆಳೆಯಿತು. ಬದುವಿನ ಕಡೆ ತಗ್ಗು. ಅಲ್ಲಿ ಸಸಿ ಮುಳುಗಿ ಕೊಳೆಯಿತು. ಚಿಕ್ಕಮಾವನಿಗೆ ಎಲ್ಲಿ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲಿ ಸನಿಕೆಯಿಂದ ಒಂದಷ್ಟು ಮಣ್ಣು ಎಳೆದು ಹಾಕಬೇಕು ಅನ್ನುವುದೆಲ್ಲ ಕೈಗೆ ಬಂದಿತ್ತು. ಮಾವನಿಗೆ ಬಂದಿರಲಿಲ್ಲ, ಕೇಳುವ ದಾರಿಯೂ ಇರಲಿಲ್ಲ. ಟೀ ಅಂಗಡಿಯಲ್ಲಿ “ಮಿಲ್‌ಕಾರ್ರು ಬತ್ತದ ಬದ್ಲು ಹತ್ತಿ ಹಾಕ್ಬೌದಿತ್ತು” ಎಂದು ಯಾರೋ ಅಂದದ್ದು ಅವರ ಅರೆಗಿವಿಗೂ ಬಿತ್ತು.

ಲೇಸರ್ ಬೆಳಕಿನ ಮಟ್ಟ ನೋಡಿ ನೆಲ ಸಮ ಮಾಡುವ ದೊಡ್ಡ ಯಂತ್ರಗಳು ಆಗಲೇ ನಮ್ಮ ಕಡೆ ಬರುತ್ತಿದ್ದವು, ಆದರೆ ದೊಡ್ಡ ಹಿಡುವಳಿಗೆ ಮಾತ್ರ. ಮಾವ ಹೋಗಿ ಕರೆದುಕೊಂಡು ಬಂದ ಡ್ರೈವರು ರಸ್ತೆಯಿಂದಲೇ ನಮ್ಮ ಗದ್ದೆ ನೋಡಿ, “ಇದ್ರಲ್ಲಿ ನನ್ನ ವಂಡಿ ತಿರುಗೋಕೇ ಆಗಲ್ಲಯ್ಯಾ” ಎಂದು ಹೊರಟುಹೋದ. ಮಾವ ಮನೆಗೆ ಬಂದವರೇ ನನ್ನನ್ನು ಕರೆಸಿದರು.

“ಇಷ್ಟೇ ತಾನೆ ಪಾಪಾ? ಬೆಳಕು ನೋಡಿ ಕಬ್ಣ ಏಳ್ಬೇಕು, ಬೆಳಕು ನೋಡಿ ಇಳೀಬೇಕು. ಮಿಲ್ಲಲ್ಲಿ ಬೆಳಕು ನೋಡ್ಕೊಂಡು ನೂಲು ಕತ್ತರಿಸೋ ಮಿಷನ್ನ ನಾನು ಎಷ್ಟು ಕಾಲ ಸಾಕಿಲ್ಲೆ? ನಾವೇ ಮಾಡೋಣ. ಯಾರ ಟ್ರ್ಯಾಕ್ಟರ್‌ಗೆ ಬೇಕಾದ್ರೂ ಕಟ್ಬೇಕು, ಬಿಚ್ಬೇಕು. ಒಂದು ಕರೆಯೋ ಹಸುವಿನ ಬೆಲೆ ದಾಟ್ಬಾರ್ದು.”

ಆವತ್ತಿನಿಂದ ನನ್ನ ದಿನಚರಿಯಲ್ಲಿ ಕೆಲಸದ ಅರ್ಜಿಗಳ ಲೆಕ್ಕ ಕಡಿಮೆಯಾಗಿ ಬೋಲ್ಟುಗಳ ಲೆಕ್ಕ ಹೆಚ್ಚಿತು.

ಕಟ್ಟಡದ ಕೆಲಸಕ್ಕೆ ನೆಲದ ಮಟ್ಟ ನೋಡುವ, ತಿರುಗುವ ಲೇಸರ್ ಒಂದನ್ನು ದಿಂಡಿಗಲ್ಲಿನ ಮೇಸ್ತ್ರಿಯೊಬ್ಬರಿಂದ ಹಳೆಯದಾಗಿ ತಂದರು. ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗದ್ದೆಯಂಚಿನಲ್ಲಿ ನಿಲ್ಲಿಸಿದರೆ, ಗದ್ದೆಯ ಮೇಲೆಲ್ಲ ಕಣ್ಣಿಗೆ ಕಾಣದ ಬೆಳಕಿನ ಹಾಳೆ ಹಾಸಿದ ಹಾಗೆ ಆಗುತ್ತದೆ. ಟ್ರ್ಯಾಕ್ಟರಿನ ಹಿಂದೆ ಮಣ್ಣು ಕೆರೆದು ಎಳೆಯುವ ಅಗಲವಾದ ಕಬ್ಬಿಣದ ಬಾಣಲೆ. ಅದನ್ನು ಚಿನ್ನಮನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಬಾಣಲೆಯ ಮೇಲೆ ನೆಟ್ಟಗೆ ಒಂದು ಕಂಬ, ಕಂಬದಲ್ಲಿ ಒಂದರ ಕೆಳಗೊಂದು ಬೆಳಕಿನ ಕಣ್ಣುಗಳು. ಬೆಳಕು ಮೇಲಿನ ಕಣ್ಣಿಗೆ ಬಿದ್ದರೆ ಬಾಣಲೆ ತಗ್ಗಿದೆ ಎಂದರ್ಥ, ಅದು ಏಳಬೇಕು. ಕೆಳಗಿನ ಕಣ್ಣಿಗೆ ಬಿದ್ದರೆ ಇಳಿಯಬೇಕು. ನಡುವಿನ ಕಣ್ಣಿಗೆ ಬಿದ್ದರೆ ಹಾಗೇ ಇರಬೇಕು. ಕಣ್ಣು ಕಂಡದ್ದನ್ನು ಪೆಟ್ಟಿಗೆ ತಿಳಿದುಕೊಂಡು ಟ್ರ್ಯಾಕ್ಟರಿನ ಎಣ್ಣೆಯ ವಾಲ್ವನ್ನು ತೆರೆದು ಮುಚ್ಚುತ್ತದೆ. ಆ ಪೆಟ್ಟಿಗೆಯೇ ಮಾವನ ಕೆಲಸ. ಕಂಬದ ಕಣ್ಣುಗಳನ್ನು ಕೂರಿಸುವುದು, ನೆಲದ ಏರುತಗ್ಗು ಅಳೆಯುವುದು ನನ್ನದು.

ಮಂಚದಡಿ ಜಾಗವೆಲ್ಲ ವಯರು, ರಿಲೇ, ಎಣ್ಣೆಯ ಪೈಪು. “ಸಂಬ್ಳ ಇದ್ದಾಗ ಮಿಲ್ಲು ವೇದಸಂದೂರಲ್ಲಿತ್ತು. ಈಗ ಸಂಬ್ಳ ಇಲ್ಲೆ, ಮಿಲ್ಲು ನನ್ನ ಮಂಚದಡಿ ಬಂದು ಕೂತದೆ” ಎಂದು ಅತ್ತೆ ನೆರೆಯವರಿಗೆ ಹೇಳುತ್ತಿದ್ದರು. ಹಾಗೆ ಹೇಳಿಕೊಂಡೇ ಬಾಣಲೆಗೆ ಬಳಿಯಲು ಹಸಿರು ಬಣ್ಣವನ್ನೂ ತಂದುಕೊಟ್ಟರು.

ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿ ನೋಡಿದ ಮೊದಲ ದಿನ ನೆಲ ಸಮವಾಗುವ ಬದಲು ಸೀರೆಯ ನೆರಿಗೆಯಂತಾಯಿತು. ವಾಲ್ವು ಒಮ್ಮೆಗೇ ತೆರೆದು ಬಾಣಲೆ ಬೇಕಾದ್ದಕ್ಕಿಂತ ಮೇಲೇಳುವುದು, ಮತ್ತೆ ಬೇಕಾದ್ದಕ್ಕಿಂತ ಕೆಳಗಿಳಿಯುವುದು. ಮಾವ ಬಾಣಲೆಯ ಮೇಲೆ ಅಂಗೈ ಇಟ್ಟುಕೊಂಡು ಅದರ ಜೊತೆಯಲ್ಲೇ ನಡೆದರು. ಮನೆಗೆ ಬಂದು ಎಣ್ಣೆಯ ದಾರಿಯನ್ನು ಕಿರಿದು ಮಾಡಿದರು, ವಾಲ್ವು ಚೂರುಚೂರಾಗಿ ತೆರೆಯುವಂತೆ ಮಾಡಿದರು. ಇನ್ನೊಂದು ಕೆಲಸವನ್ನೂ ಮಾಡಿದರು. ಬೆಳಕಿಗೆ ಯಾರಾದರೂ ಅಡ್ಡ ಬಂದು ಕಣ್ಣಿಗೆ ಏನೂ ಕಾಣದಿದ್ದರೆ ಬಾಣಲೆ ಏಳಲೂ ಬಾರದು, ಇಳಿಯಲೂ ಬಾರದು. “ನೂಲು ಹರೀತಾ, ಮಿಷನ್ ನಿಲ್ಬೇಕು. ನಿಲ್ದೆ ಓಡೋ ಮಿಷನ್ ಹತ್ತಿನೆಲ್ಲ ಹಾಳು ಮಾಡ್ತದೆ” ಎಂದರು. ಇದು ಅವರು ಎಲ್ಲದಕ್ಕೂ ಹೇಳುತ್ತಿದ್ದ ಮಾತು. ನನಗೆ ಸಂದರ್ಶನದಲ್ಲಿ ಉತ್ತರ ಗೊತ್ತಾಗದೆ ಏನೇನೋ ಹೇಳಿ ಬಂದಾಗಲೂ ಇದನ್ನೇ ಹೇಳಿದ್ದರು.

ಎರಡನೇ ಸಲ ಗದ್ದೆ ಹಲಗೆಯಂತೆ ಸಮವಾಯಿತು. ನಾನು ಅಳತೆಗೋಲು ಹಿಡಿದು ಮೂಲೆಮೂಲೆಗೂ ಹೋಗಿ ಬಂದೆ, ಎಲ್ಲ ಕಡೆ ಒಂದೇ ಮಟ್ಟ. ಟೀ ಅಂಗಡಿಯವರೂ ಬಂದು ನೋಡಿದರು. ಮಾವ ಅಂದು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ, ತಾವೇ ಮಾತಾಡಿದರು.

ತಪ್ಪು ತಿಳಿದದ್ದು ಜೂನಿನಲ್ಲಿ, ಕಾಲುವೆಗೆ ನೀರು ಬಿಟ್ಟು ನಾಟಿಯಾದ ಮೇಲೆ. ಹಿಂದೆ ದಿಬ್ಬದಿಂದ ಜಾರಿದ ನೀರು ಬದುವಿನ ಪಕ್ಕದ ತಗ್ಗಿನಲ್ಲಿ ಓಡಿ, ಮಾವನ ಗದ್ದೆ ಅರ್ಧ ತುಂಬುವ ಮೊದಲೇ ಮಡೆ ದಾಟಿ ತಮ್ಮನ ಗದ್ದೆಗೆ ಹೋಗುತ್ತಿತ್ತು. ಈಗ ದಿಬ್ಬದ ಮಣ್ಣು ಆ ತಗ್ಗನ್ನು ತುಂಬಿತ್ತು. ನೀರು ಇಡೀ ಗದ್ದೆಯ ಮೇಲೆ ತೆಳ್ಳಗೆ ಹರಡಿ, ಪೂರ್ತಿ ತುಂಬಿದ ಮೇಲಷ್ಟೇ ಮಡೆಯ ಕಡೆ ಮುಖ ಮಾಡಬೇಕು. ನಮ್ಮ ಮುರೆಯ, ಅಂದರೆ ಸರದಿಯ, ನೀರು ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ಮಾವನ ಸಸಿ ಹಸಿರಾಗಿ ನಿಂತಿತು. ಬದುವಿನಾಚೆ ಚಿಕ್ಕಮಾವನ ಗದ್ದೆ ಬಿರುಕು ಬಿಟ್ಟಿತು.

ಚಿಕ್ಕಮಾವ ಜಗಳಕ್ಕೆ ಬರಲಿಲ್ಲ. ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ ಹೋದರು. ಜಗಳಕ್ಕೆ ಬಂದದ್ದು ಊರು. “ಯಂತ್ರ ಮಾಡಿ ತಮ್ಮನ ಬಾಯಿಗೆ ಮಣ್ಣು ಹಾಕ್ದ” ಎಂದು ನಮ್ಮ ಬೀದಿಯಲ್ಲೇ ಮಾತಾಯಿತು. ಅಮ್ಮನೂ ನಂಬಿದಳು. “ಅಣ್ಣಾ, ಬೇಕಂತ ಮಾಡಿದ್ಯಾ?” ಎಂದು ಕೇಳಿಯೇ ಬಿಟ್ಟಳು.

ಮಾವ ಸನಿಕೆ ತೆಗೆದುಕೊಂಡು ಹೋಗಿ ಮಡೆಯನ್ನು ಆಳಕ್ಕೆ ಕಡಿದು ನಿಂತ ನೀರನ್ನೆಲ್ಲ ತಮ್ಮನ ಗದ್ದೆಗೆ ಬಿಟ್ಟರು. ಆ ಬೆಳೆ ಪೂರ್ತಿ ಹಾಗೇ ಮಾಡಿದರು. ಉಳಿದಷ್ಟೇ ನನ್ನ ಗದ್ದೆಗೆ ಸಾಕೆಂದರು. ಆದರೂ ಚಿಕ್ಕಮಾವನ ಒಂದು ಮೂಲೆ ಕಾಳು ಕಟ್ಟಲಿಲ್ಲ. ಮಾವ ಅಷ್ಟು ದಿನ ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಒಂದು ದಿನ ಬದುವಿನ ಮೇಲೆ ಕೂತು ಹೇಳಿದರು: “ನೀರು ನಿಲ್ಲೋಕೆ ಮಟ್ಟ ಹಾಕ್ದೆ ಪಾಪಾ. ಹೋಗೋಕೆ ಹಾಕ್ಲಿಲ್ಲೆ. ಅಣ್ಣನ ಪಾಲು ಅಂದ್ರೆ ಅರ್ಧ ಕೆಲ್ಸ ಅದೇ ಅಲ್ವಾ? ನಮ್ಮಪ್ಪ ಇದ್ದಿದ್ರೆ ಇದೇ ಗದ್ದೇಲಿ ಹೊಡೀತಿದ್ರು.”

ಆ ವರ್ಷದ ಎರಡನೇ ಬೆಳೆ ಕೊಯ್ದ ಮೇಲೆ ಅವರು ಒಂದು ಯೋಚನೆ ತಂದರು. ಬದು ತೆಗೆದುಬಿಡುವುದು, ಎರಡೂ ಪಾಲನ್ನು ಒಂದೇ ಗದ್ದೆಯಂತೆ ಮಾಡುವುದು, ಲೇಸರನ್ನು ಕೂದಲೆಳೆಯಷ್ಟು ತಮ್ಮನ ಕಡೆಗೆ ಓಲಿಸಿ ಇಡುವುದು. ಆಗ ನೀರು ನಿಲ್ಲದೆ ಕೊನೆಯವರೆಗೆ ಹೋಗುತ್ತದೆ. ನಾನು ಅಳೆದು ನೋಡಿದೆ. ಅದಕ್ಕೆ ಮಾವನ ಪಾಲಿನ ಮೇಲ್ಮಣ್ಣು ಬಹಳಷ್ಟು ಚಿಕ್ಕಮಾವನ ಪಾಲಿಗೆ ಹೋಗಬೇಕಾಗಿತ್ತು.

ಅತ್ತೆ ಒಪ್ಪಲಿಲ್ಲ. “ಮನೆ ಮಣ್ಣು ಯಾರಾದ್ರೂ ಕೊಡ್ತಾರಾ? ಮಹಾಲಕ್ಷ್ಮಿನ ಹೊರೆ ಹೊರಿಸಿ ಕಳಿಸ್ದಂಗೆ.”

“ಹೊರಗಿನೋನಿಗಲ್ಲ ಕಣೆ. ಅಂವ ಹಾಕಿದ ಗೊಬ್ಬರ ಅದು. ಅಂವಂದು ಅಂವ್ನಿಗೆ ಹೋತದೆ.”

ಅತ್ತೆ ಒಲೆಯ ಕೊಳ್ಳಿ ಸರಿಮಾಡಿ, “ಶುಕ್ರವಾರ ಮಾತ್ರ ಬೇಡ” ಎಂದರು.

ತಮ್ಮನನ್ನು ಕೇಳಿಕೊಂಡು ಬರಲು ಮಾವ ನನ್ನನ್ನು ಕಳಿಸಿದರು. ಚಿಕ್ಕಮಾವ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಪೂರ್ತಿ ಕೇಳಿದರು.

“ಬೇರೆ ಡ್ರೈವರ್ ಬಂದು ನಮ್ಮಪ್ಪನ ಬದು ಮುಟ್ಬಾರ್ದು. ನನ್ನ ಟ್ರ್ಯಾಕ್ಟರು, ನಾನೇ ಓಡಿಸ್ತೀನಿ. ಮಾತು ಗೀತು ಏನೂ ಇಲ್ಲೆ ಅಂತ ಹೇಳ್ಬಿಡು.”

ಮಾರ್ಚ್ ಮುಗಿಯುವಾಗ, ಪಂಗುನಿ ತಿಂಗಳ ಒಂದು ಬುಧವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಚಿಕ್ಕಮಾವ ಟ್ರ್ಯಾಕ್ಟರಿನ ಮೇಲೆ, ಮಾವ ಪೆಟ್ಟಿಗೆಯ ಪಕ್ಕ, ನಾನು ಇಬ್ಬರ ನಡುವೆ. ಅವರಿಬ್ಬರ ನಡುವಿನ ದೂರ ಕೈ ಚಾಚಿದರೆ ಸಿಗುವಷ್ಟು.

“ಪಾಪಾ, ಅಂವ್ನಿಗೆ ಹೇಳು, ಎರಡನೇ ಗೇರಲ್ಲಿ ಹೋಗ್ಲಿ.”

“ಏ ಹುಡ್ಗಿ, ನಂಗೆ ಕಿವಿ ಕೇಳ್ತದೆ ಅಂತ ಹೇಳು. ಕೇಳ್ದೆ ಇರೋದು ಅಂವ್ರಿಗೆ.”

“ಕೇಳ್ತಿದ್ರೆ ಇನ್ನೂ ಮೂರ್ನೇ ಗೇರಲ್ಲಿ ಯಾಕೆ ಕೂತವ್ನೆ ಅಂತ ಕೇಳು.”

“ಈ ವಂಡಿ ಯಾರು ಕಾಸು ಕೊಟ್ಟು ತಂದದ್ದು ಅಂತ ಅಂವ್ರನ್ನ ಕೇಳು.”

ನಾನು ಮೊದಮೊದಲು ಎಲ್ಲವನ್ನೂ ತಲುಪಿಸಿದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ಯಾರೂ ಅದನ್ನು ಗಮನಿಸಲಿಲ್ಲ. ಬದುವಿನ ಮೇಲೆ ಬಾಣಲೆ ಮೊದಲ ಸಲ ಹಾಯುವಾಗ ಮಾತ್ರ ಚಿಕ್ಕಮಾವ ತಾವಾಗಿಯೇ ಗೇರು ಇಳಿಸಿದರು. ಟ್ರ್ಯಾಕ್ಟರು ಮೇಲಿನ ಪಾಲಿನಿಂದ ಮಣ್ಣು ತುಂಬಿಕೊಂಡು ಕೆಳಗಿನ ಪಾಲಿಗೆ ಹೋಗುವುದು, ಅಲ್ಲಿ ಬೆಳಕು ಹೇಳಿದ ಜಾಗದಲ್ಲಿ ಬಾಣಲೆ ತಾನಾಗಿ ಎದ್ದು ಮಣ್ಣನ್ನು ಇಳಿಸುವುದು, ಬರಿದಾಗಿ ಮರಳುವುದು. ಚಿಕ್ಕಮಾವ ಬಾಣಲೆ ಎತ್ತುವ ಹಿಡಿಗೆ ಕೈ ಹಾಕದೆ ಕೂತು, ತಿರುಗಿ ತಿರುಗಿ ಅದನ್ನೇ ನೋಡುತ್ತಿದ್ದರು.

ಬಿಸಿಲೇರಿದಾಗ ಅತ್ತೆ ರಾಗಿ ಕಳಿಯ ಮುದ್ದೆ, ಸೊಪ್ಪಿನ ಸಾರು ಕೊಟ್ಟು ಕಳಿಸಿದ್ದು ರಸ್ತೆಗೆ ಬಂತು. ಅದನ್ನು ತರಲು ಹೋದೆ. ಮರಳಿ ಬಂದಾಗ ಟ್ರ್ಯಾಕ್ಟರು ನಿಂತಿತ್ತು, ಇಬ್ಬರೂ ಅದರ ನೆರಳಲ್ಲಿ ಕೂತು ಜಗಳವಾಡುತ್ತಿದ್ದರು. ಅಜ್ಜ ಕೊನೆಯ ಜೋಡಿ ಎತ್ತನ್ನು ತಂದದ್ದು ಯಾವ ಸಂತೆಯಿಂದ ಅನ್ನುವುದು ಜಗಳ.

“ನಿಂಗೇನ್ ಡಾ ಗೊತ್ತು, ಆಗ ನೀನು ಅಂಬೆಗಾಲಿಡ್ತಿದ್ದೆ.”

“ನೀನು ಮಿಲ್ಲಲ್ಲಿದ್ದೆಯಲ್ಲಣ್ಣಾ! ಎತ್ತಿನ ಹಗ್ಗ ಹಿಡ್ಕೊಂಡು ಬಂದೋನು ನಾನು!”

ಮೊದಲ ಮಾತು ಯಾರದು ಎಂದು ನನಗೆ ಗೊತ್ತಿಲ್ಲ. ಸಣ್ಣಪುಟ್ಟದ್ದೆಲ್ಲ ದಿನಚರಿಯಲ್ಲಿ ಬರೆಯುವ ನಾನು ಅದೊಂದು ಗಳಿಗೆ ಅಲ್ಲಿರಲಿಲ್ಲ. ಆಮೇಲೆ ಕೇಳಿದಾಗ ಮಾವ “ಅಂವ್ನೇ” ಎಂದರು, ಚಿಕ್ಕಮಾವ “ಅಣ್ಣನೇ” ಎಂದರು.

ಆ ವರ್ಷ ನೀರು ಬಂದಾಗ ಚಿಕ್ಕಮಾವ ಕೆಳಗಿನ ತುದಿಯಲ್ಲಿ ನಿಂತಿದ್ದರು, ಮಾವ ಕಾಲುವೆಯ ಬಾಯಲ್ಲಿ. ನೀರು ತಲುಪಿದೊಡನೆ ಚಿಕ್ಕಮಾವ ಹೆಗಲ ಟವಲನ್ನು ಎತ್ತಿ ಬೀಸಿದರು. ಮಾವ ಏನೋ ಕೂಗಿ ಹೇಳಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಬದು ಇಲ್ಲದ ಗದ್ದೆಯಲ್ಲಿ ಒಂದೇ ಬೆಳೆ ಬೆಳೆದು, ಕಣದಲ್ಲಿ ರಾಶಿಯನ್ನು ಹಂಚಿಕೊಂಡರು.

ಅದೊಂದೇ ಬೆಳೆ. ಅಕ್ಟೋಬರಿನಲ್ಲಿ, ಪುರಟ್ಟಾಸಿ ತಿಂಗಳ ಕೊನೆಯ ವಾರ, ಮಾವ ಬೆಳಿಗ್ಗೆ ಎದ್ದು, ಎದೆ ಭಾರ ಎಂದು ಅತ್ತೆಗೆ ಹೇಳಿ ಮತ್ತೆ ಮಲಗಿದರು. ತೇನಿಯ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಹೋದರು. ಅವರ ತಲೆ ಚಿಕ್ಕಮಾವನ ತೊಡೆಯ ಮೇಲಿತ್ತು.

ಕರ್ಮಾಂತರ ಮುಗಿದು ಎರಡನೇ ಬೆಳೆಯ ನಾಟಿಗೆ ಮೊದಲು ನಾನು ಗದ್ದೆಗೆ ಹೋದರೆ ಚಿಕ್ಕಮಾವ ಹಗ್ಗ ಕಟ್ಟಿ ಬದು ಹಾಕಿಸುತ್ತಿದ್ದರು. ನನಗೆ ಕೋಪ ಬಂತು.

“ಈಗ ಬದು ಯಾಕೆ ಚಿಕ್ಕಮಾವ? ಕಷ್ಟಪಟ್ಟು ತೆಗೆದದ್ದು.”

“ಅಣ್ಣ ಇದ್ದಾಗ ಬೇಡ. ಈಗ ಬೇಕು.” ಅವರು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. “ಅತ್ತಿಗೆ ಪಾಲು ಎಲ್ಲಿ ಮುಗೀತದೆ ಅಂತ ಅತ್ತಿಗೆಗೆ ಕಾಣ್ಬೇಕು. ಊರಿಗೂ ಕಾಣ್ಬೇಕು. ನಿಂತ್ಕೊಂಡು ಏನ್ ನೋಡ್ತೀಯ? ಹೋಗಿ ಬೆಳಕು ತಗೊಂಡು ಬಾ, ಮಡೆ ಮಟ್ಟ ಇಡ್ಬೇಕು.”

ಬದುವಿನ ಅಗಲ ಪೂರ್ತಿ ಅವರ ಪಾಲಿನಲ್ಲೇ ಇತ್ತು. ಅಳೆದದ್ದು ನಾನೇ, ಆದ್ದರಿಂದ ಗೊತ್ತು. ಈಗ ಅತ್ತೆಯ ಪಾಲನ್ನೂ ಚಿಕ್ಕಮಾವನೇ ಮಾಡುತ್ತಾರೆ. ಬತ್ತ ಅಳೆದು ಅತ್ತೆಯ ಮನೆಯ ಪಡಸಾಲೆಯಲ್ಲಿ ಇಳಿಸಿ, ನೀರು ಕುಡಿದು ಹೋಗುತ್ತಾರೆ.

ಪೆಟ್ಟಿಗೆಯನ್ನು ಅಲ್ಲಿಂದ ಮುಂದೆ ನಾನೂ ಚಿಕ್ಕಮಾವನೂ ಬೇರೆ ಸಣ್ಣ ಗದ್ದೆಗಳಿಗೂ ಕೊಂಡೊಯ್ಯುತ್ತಿದ್ದೇವೆ. ನಾನು ಕೆಲಸ ಹುಡುಕುವುದನ್ನು ನಿಲ್ಲಿಸಿದ್ದೇನೆ. ಪ್ರತಿ ಗದ್ದೆಯಲ್ಲೂ ಅಳತೆಗೋಲು ನೆಡುವ ಮೊದಲು, ನೀರು ಇಲ್ಲಿಂದ ಯಾರ ಗದ್ದೆಗೆ ಹೋಗುತ್ತದೆ ಎಂದು ಕೇಳುತ್ತೇನೆ. ಇದು ನಾನು ಮಾವನಿಂದ ಕಲಿತದ್ದು, ಅವರು ಅದನ್ನು ಕಲಿತ ದಿನ ನಾನು ಪಕ್ಕದಲ್ಲಿದ್ದೆ.

ಒಂದು ತೊಡಕಿದೆ. ಬಿಸಿಲಿನ ಬೆಳಕನ್ನೂ ಲೇಸರಿನ ಬೆಳಕನ್ನೂ ಬೇರೆ ಮಾಡುವ ಸಣ್ಣ ಭಾಗವನ್ನು ಮಾವ ಮಿಲ್ಲಿನ ರೀತಿಯಲ್ಲಿ, ಧೂಳೂ ಅದುರುವಿಕೆಯೂ ತಾಗದಂತೆ, ಕಪ್ಪು ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಿದ್ದಾರೆ. ಅದರ ಒಳಗೇನಿದೆ ಎಂದು ಕಾಣುವುದಿಲ್ಲ. ಕಳೆದ ತೈ ತಿಂಗಳಿಂದ ಅದು ನಡುಹಗಲಿನಲ್ಲಿ ಆಗಾಗ ತಪ್ಪುತ್ತಿದೆ. ಇನ್ನೊಂದು ಮಾಡಬೇಕಾದರೆ ಇದನ್ನು ಒಡೆದು ನೋಡಬೇಕು. ಚಿಕ್ಕಮಾವ ಬಿಡುತ್ತಿಲ್ಲ. “ಅಣ್ಣ ಮುಚ್ಚಿಟ್ಟದ್ದು. ನಾನಿರೋತನಕ ಅದ್ರ ಮೇಲೆ ಸುತ್ತಿಗೆ ಬೀಳಲ್ಲ” ಎನ್ನುತ್ತಾರೆ. 

ವೇದಸಂದೂರಿನ ಕಡೆಯ ಮಿಲ್ಲುಗಳಲ್ಲಿ ಅವರ ಜೊತೆ ಕೆಲಸ ಮಾಡಿದವರು, ನೂಲು ನೋಡುವ ಬೆಳಕಿನ ಕಣ್ಣುಗಳನ್ನು ರಿಪೇರಿ ಮಾಡಿದವರು ಯಾರಾದರೂ ಇದನ್ನು ಓದಿದರೆ, ಮುಂದಿನ ಹಲ್ಲಿನಲ್ಲಿ ವಯರ್ ಸುಲಿಯುತ್ತಿದ್ದ, ಗಟ್ಟಿ ದನಿಯ ಎಲೆಕ್ಟ್ರಿಷಿಯನ್ ಒಬ್ಬರು ನಿಮಗೆ ನೆನಪಿದ್ದರೆ, ಅವರು ಆ ಭಾಗವನ್ನು ಹೇಗೆ ಕಟ್ಟುತ್ತಿದ್ದರೆಂದು ದಯವಿಟ್ಟು ಬರೆದು ತಿಳಿಸಿ. ಕಾಲುವೆಗೆ ನೀರು ಬರುವುದರೊಳಗೆ ತಿಳಿದರೆ ಈ ಸಲದ ಗದ್ದೆಗಳೆಲ್ಲ ಮುಗಿಯುತ್ತವೆ, ಒಡೆಯದೆ.